ಟ್ರೆಡ್‌ಮಿಲ್‌ನ ‘ಫ್ಯಾಟ್ ಬರ್ನ್’ ಬಟನ್ ನಂಬಬಹುದಾ? ಹೊಟ್ಟೆ ಕರಗೋಕೆ ಯಾವ ಕಾರ್ಡಿಯೋ?

ವಿಜಯನಗರ_ವಾಸಿ · ಸೋಮವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ವಯಸ್ಸು 41, ಎತ್ತರ 5 ಅಡಿ 7 ಇಂಚು, ತೂಕ 84 ಕೆಜಿ. ಮನೆ ವಿಜಯನಗರ, ಆಫೀಸು ವೈಟ್‌ಫೀಲ್ಡು. ಬೆಳಿಗ್ಗೆಯಿಂದ ಸಂಜೆವರೆಗೂ ಕುರ್ಚಿ, ಆಮೇಲೆ ಮೆಟ್ರೋ ಸೀಟು, ಆಮೇಲೆ ಸೋಫಾ. ಕೂತಲ್ಲೇ ಕೂತು ಹೊಟ್ಟೆ ಮುಂದಕ್ಕೆ ಬಂದಿದೆ, ಕೈಕಾಲು ಮಾತ್ರ ಸಣ್ಣಕ್ಕೇ ಇವೆ.

ಮೂರು ತಿಂಗಳಿಂದ ಮನೆ ಹತ್ತಿರದ ಜಿಮ್‌ಗೆ ಹೋಗ್ತಿದೀನಿ. ಅಲ್ಲಿನ ಟ್ರೆಡ್‌ಮಿಲ್‌ನಲ್ಲಿ ‘ಫ್ಯಾಟ್ ಬರ್ನ್’ ಅಂತ ಒಂದು ಹಸಿರು ಬಟನ್ ಇದೆ, ಪಕ್ಕದಲ್ಲೇ ‘ಕಾರ್ಡಿಯೋ’ ಅಂತ ಕೆಂಪು ಬಟನ್. ನನಗೆ ಕರಗಬೇಕಿರೋದು ಕೊಬ್ಬು ತಾನೇ ಅಂತ ಹಸಿರು ಒತ್ತಿ 45 ನಿಮಿಷ ನಡೀತೀನಿ. ಹಾರ್ಟ್ ರೇಟ್ 115 ದಾಟಿದ್ರೆ ಮೆಷಿನ್ನೇ ವೇಗ ಇಳಿಸಿಬಿಡುತ್ತೆ. ಮೂರು ತಿಂಗಳಿಗೆ ಇಳಿದಿದ್ದು 600 ಗ್ರಾಂ. ಅದೂ ಬೆಳಿಗ್ಗೆ ಖಾಲಿ ಹೊಟ್ಟೇಲಿ ತೂಗಿದ್ರೆ.

ಟ್ರೈನರ್ ಹೇಳ್ತಾನೆ, ‘ನಡೆದ್ರೆ ಏನೂ ಆಗಲ್ಲ ಸರ್, ಹಿಟ್ ಮಾಡಿ’ ಅಂತ. ಅದೇ ಎಚ್‌ಐಐಟಿ, ಸ್ವಲ್ಪ ಹೊತ್ತು ಜೀವ ಬಿಟ್ಟು ಮಾಡೋದು, ಸ್ವಲ್ಪ ಹೊತ್ತು ಸುಧಾರಿಸ್ಕೊಳ್ಳೋದು, ಮತ್ತೆ ಅದೇ. ಜೊತೆಗೆ ಅವರ ಕೌಂಟರಲ್ಲೇ ಸಿಗೋ ಫ್ಯಾಟ್ ಬರ್ನರ್ ಕ್ಯಾಪ್ಸೂಲ್ ಡಬ್ಬ ಬೇರೆ ತೋರಿಸಿದ. ಭಾವಮೈದ ಸ್ಕಿಪ್ಪಿಂಗ್ ಅಂತಾನೆ. ಮನೆಯವಳು ಸಂಜೆ ಕೋಡುಬಳೆ ಬಿಡಿ ಸಾಕು ಅಂತಾಳೆ. ಯಾರ ಮಾತು ಕೇಳ್ಲಿ?

ಹಳೇ_ಮೆಂಬರ್ · ರಾತ್ರಿ 10:52

ಮನೆಯವರ ಮಾತು. ಮುಗೀತು, ಟಾಪಿಕ್ ಲಾಕ್ ಮಾಡಿ.

ಲೆಕ್ಕದ_ಮೇಷ್ಟ್ರು · ರಾತ್ರಿ 11:30

ಮೊದಲು ಆ ಹಸಿರು ಬಟನ್ ವಿಷಯ ನೋಡೋಣ. ಅದು ಹೇಳೋದು ಪೂರ್ತಿ ಸುಳ್ಳಾಗಿದ್ರೆ ಇಷ್ಟೊತ್ತಿಗೆ ಯಾರೂ ನಂಬ್ತಿರಲಿಲ್ಲ. ಅರ್ಧ ನಿಜ ಇದೆ, ಅದಕ್ಕೇ ಇನ್ನೂ ನಡೀತಿದೆ.

ದೇಹ ಸದಾ ಎರಡು ಉರುವಲು ಬೆರೆಸಿ ಉರಿಸುತ್ತೆ, ಕೊಬ್ಬು ಮತ್ತು ಸಕ್ಕರೆ. ಆರಾಮಾಗಿ ನಡೆಯುವಾಗ ಕೊಬ್ಬಿನ ಪಾಲು ಜಾಸ್ತಿ, ಏದುಸಿರು ಬಿಡ್ತಾ ಓಡುವಾಗ ಸಕ್ಕರೆ ಪಾಲು ಜಾಸ್ತಿ. ಲ್ಯಾಬಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿ, ಹೊರಗೆ ಬಿಟ್ಟ ಇಂಗಾಲದ ಡೈಆಕ್ಸೈಡನ್ನ ಒಳಗೆ ಬಳಸಿಕೊಂಡ ಆಮ್ಲಜನಕದಿಂದ ಭಾಗಿಸ್ತಾರೆ. ಉತ್ತರ 0.7ರ ಹತ್ತಿರ ಇದ್ರೆ ಉರೀತಿರೋದು ಹೆಚ್ಚುಕಮ್ಮಿ ಬರೀ ಕೊಬ್ಬು, 1.0 ಆದ್ರೆ ಸಕ್ಕರೆ. ಇದನ್ನೇ ಕಂಪನಿಯವರು ಬಟನ್ ಮಾಡಿ ಅಂಟಿಸಿದ್ದು.

ಈಗ ನಿಮ್ಮ 84 ಕೆಜಿಗೆ ಲೆಕ್ಕ ಹಾಕೋಣ. ಸುಮ್ಮನೆ ಕೂತಾಗ ದೇಹ ಕೆಜಿಗೆ ಗಂಟೆಗೆ ಸುಮಾರು 1 ಕ್ಯಾಲೊರಿ ಸುಡುತ್ತೆ, ಅದನ್ನ 1 ಮೆಟ್ ಅಂತಾರೆ. ನಿಮ್ಮ ನಡಿಗೆ 4 ಮೆಟ್ ಅಂತಿಟ್ಕೊಳ್ಳಿ. 45 ನಿಮಿಷಕ್ಕೆ 252 ಕ್ಯಾಲೊರಿ. ಅದರಲ್ಲಿ 60% ಕೊಬ್ಬು ಅಂದ್ರೆ 150. ಈಗ ಗಂಟೆಗೆ 8 ಕಿಲೋಮೀಟರ್ ವೇಗದ ಜಾಗಿಂಗ್, 8.3 ಮೆಟ್. 30 ನಿಮಿಷಕ್ಕೆ 349 ಕ್ಯಾಲೊರಿ. ಕೊಬ್ಬಿನ ಪಾಲು 40%ಗೆ ಇಳೀತು ಅಂದ್ರೂ 140. ಪಾಲು ಇಳಿದ್ರೂ ಒಟ್ಟು ಏರಿದ್ದರಿಂದ ಹೆಚ್ಚುಕಮ್ಮಿ ಅಲ್ಲಿಂದಲ್ಲಿಗೇ ಬಂತು, ಮೇಲೆ 15 ನಿಮಿಷ ಉಳೀತು. ಪರ್ಸೆಂಟೇಜು ಆಳಿಂದ ಆಳಿಗೆ ಬೇರೆ, ಅಂದಾಜಿಗೆ ಹೇಳಿದೆ.

ಇನ್ನೂ ಒಂದು ಮಾತು. ಆ ಅರ್ಧ ಗಂಟೇಲಿ ಯಾವ ಉರುವಲು ಉರೀತು ಅನ್ನೋದು ದಿನದ ಕೊನೆಗೆ ಅಷ್ಟು ಮುಖ್ಯ ಅಲ್ಲ. ಓಡಿ ಸಕ್ಕರೆ ಖಾಲಿ ಮಾಡಿದ್ರೆ, ಆಮೇಲೆ ಕುರ್ಚೀಲಿ ಕೂತಾಗ ದೇಹ ಕೊಬ್ಬನ್ನ ಜಾಸ್ತಿ ಉರಿಸಿ ಸರಿ ಮಾಡ್ಕೊಳ್ಳುತ್ತೆ. ಚಿಲ್ಲರೆ ಕೊಟ್ರಾ ನೋಟು ಮುರಿಸಿದ್ರಾ ಅಂತ ಅಂಗಡಿಯವನು ಕೇಳಲ್ಲ. ತಿಂಗಳ ಕೊನೆಗೆ ಪರ್ಸಲ್ಲಿ ಎಷ್ಟು ಉಳೀತು ಅನ್ನೋದೇ ಲೆಕ್ಕ.

ಹುಬ್ಬಳ್ಳಿ_ಮಂದಿ · ಮಂಗಳವಾರ ಬೆಳಿಗ್ಗೆ 7:05

ಸ್ಕಿಪ್ಪಿಂಗ್ ಬಗ್ಗೆ ನನ್ನ ಅನುಭವ ಕೇಳ್ರಿ. ಹೋದ ವರ್ಷ ಯೂಟ್ಯೂಬ್ ನೋಡಿ ಹಗ್ಗ ತಂದೆ. ನಾ ಇರೋದು ಮತ್ತಿಕೆರೆ ಒಳಗ, ಎರಡನೇ ಮಹಡಿ. ಮುಂಜಾನೆ ಐದೂವರಿಗೆ ಎದ್ದು ಹಾಲ್‌ನಾಗ ಶುರು ಮಾಡಿದೆ. ಮೊದಲ ದಿನ ನೂರು, ಎರಡನೇ ದಿನ ಮುನ್ನೂರು. ಮೂರನೇ ದಿನ ಓನರ್ ಆಂಟಿ ನೈಟಿ ಮ್ಯಾಲೆ ಟವೆಲ್ ಹಾಕ್ಕೊಂಡು ಮ್ಯಾಲೆ ಬಂದ್ರು. ‘ಏನ್ರೀ, ಬೆಳಗ್ಗೆ ಬೆಳಗ್ಗೆ ಹಿಟ್ಟು ಕುಟ್ತಿದೀರಾ?’ ಅಂದ್ರು. ಕೆಳಗ ಅವರ ಮನ್ಯಾಗ ಫ್ಯಾನ್ ಅಲ್ಲಾಡಾಕತ್ತಿತ್ತಂತ.

ತಾರಸಿಗೆ ಹೋದೆ. ಅಲ್ಲಿ ಸಿಮೆಂಟ್ ನೆಲ, ನಾನು ಬರಿಗಾಲು, 91 ಕೆಜಿ. ಒಂದೇ ದಿನಕ್ಕ ಮೀನಖಂಡ ಹಿಡದು ವಾರ ಕುಂಟಿದೆ. ಹಗ್ಗ ಇನ್ನೂ ಮೊಳಿಗೆ ನೇತಾಡಾಕತ್ತೈತಿ.

ಮತ್ತ ಒಂದು ಕೇಳೂದಿತ್ತು. ನಮ್ಮ ಜಿಮ್ಮಿನ್ಯಾಗ ಒಬ್ಬಾಂವ ಹೊಟ್ಟಿಗೆ ಕಪ್ಪನೆ ರಬ್ಬರ್ ಬೆಲ್ಟ್ ಕಟ್ಕೊಂಡು ಬೆವರು ಸುರಿಸ್ತಾನ. ಅದರಿಂದ ಏನರ ಆಕ್ಕೈತೇನ್ರಿ?

ಲೆಕ್ಕದ_ಮೇಷ್ಟ್ರು · ಬೆಳಿಗ್ಗೆ 8:20

ಆಗುತ್ತೆ, ಬೆಲ್ಟ್ ನಾರುತ್ತೆ. ಬೆವರು ಮೈ ತಣಿಸೋ ನೀರು ಅಷ್ಟೆ, ಎರಡು ಲೋಟ ನೀರು ಕುಡಿದ್ರೆ ತೂಕ ವಾಪಸ್.

ಕೊಬ್ಬು ನಿಜವಾಗಿ ಮೈಯಿಂದ ಆಚೆ ಹೋಗೋದು ಮೂಗು ಬಾಯಿಂದ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಬ್ಬರು ಈ ಲೆಕ್ಕ ಬಿಡಿಸಿ ತೋರಿಸಿದ್ರು: 10 ಕೆಜಿ ಕೊಬ್ಬು ಪೂರ್ತಿ ಉರಿದ್ರೆ 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಲ್ಲಿ ಹೋಗುತ್ತೆ, ಉಳಿದ 1.6 ಕೆಜಿ ನೀರಾಗುತ್ತೆ. ಹಾಗಂತ ಕೂತಲ್ಲೇ ಜೋರಾಗಿ ಉಸಿರಾಡಿದ್ರೆ ಕರಗಲ್ಲ, ತಲೆ ಸುತ್ತುತ್ತೆ. ನನ್ನ ಕ್ಲಾಸಲ್ಲಿ ಪ್ರತಿ ವರ್ಷ ಒಬ್ಬ ಹುಡುಗ ಇದನ್ನ ಕೇಳೇ ಕೇಳ್ತಾನೆ.

ಶೆಟಲ್_ಶೆಟ್ರು · ಬೆಳಿಗ್ಗೆ 9:10

ಮಾರಾಯ್ರೆ, ಮೆಷಿನ್ ಮೇಲೆ ಇಲಿಯ ಹಾಗೆ ಓಡುದಕ್ಕಿಂತ ಒಂದು ರಾಕೆಟ್ ತಕೊಳ್ಳಿ. ಪ್ರಕಾಶ್ ಪಡುಕೋಣೆಯವರ ಊರಲ್ಲಿದ್ದುಕೊಂಡು ಬ್ಯಾಡ್ಮಿಂಟನ್ ಕೋರ್ಟ್ ಇಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಈಗ ಗಲ್ಲಿಗೊಂದು ಉಂಟು. ಡಬಲ್ಸ್ ಆಡಿದ್ರೆ ಒಂದು ಗಂಟೆ ಹೋದದ್ದೇ ಗೊತ್ತಾಗುದಿಲ್ಲ. ನಾನು ಎರಡು ವರ್ಷದಲ್ಲಿ ಒಂದು ವಾರವೂ ಬಿಡ್ಲಿಲ್ಲ. ಯಾಕೆಂದ್ರೆ ನಾನು ಹೋಗದಿದ್ರೆ ಉಳಿದ ಮೂವರು ಫೋನ್ ಮಾಡಿ ಬೈತಾರೆ. ಟ್ರೆಡ್‌ಮಿಲ್ ನಿಮಗೆ ಫೋನ್ ಮಾಡ್ತದಾ?

ಫಿಸಿಯೋ_ಅಕ್ಕ · ಬೆಳಿಗ್ಗೆ 11:45

ಶೆಟ್ರು ಹೇಳಿದ್ದಕ್ಕೆ ನಂದೂ ಒಪ್ಪಿಗೆ, ಆದ್ರೆ ಒಂದು ಎಚ್ಚರಿಕೆ ಕೊಡಲೇಬೇಕು. ನನ್ನ ಕ್ಲಿನಿಕ್‌ಗೆ ಸೋಮವಾರ ಬೆಳಿಗ್ಗೆ ಬರೋರಲ್ಲಿ ಅರ್ಧ ಜನ ಭಾನುವಾರದ ಬ್ಯಾಡ್ಮಿಂಟನ್ನೋರು. ವಾರವಿಡೀ ಕೂತಿದ್ದು ಒಮ್ಮೆಲೇ ಸ್ಮ್ಯಾಷ್‌ಗೆ ಹಾರ್ತಾರೆ, ಪಾದ ಉಳುಕುತ್ತೆ, ಮಂಡಿ ತಿರುಚುತ್ತೆ, ಹಿಮ್ಮಡಿ ಹಿಂದಿನ ನರ ‘ಟಪ್’ ಅಂದುಬಿಡುತ್ತೆ. ಸ್ನಾಯುರಜ್ಜು ಅನ್ನಬೇಕು, ಬರೋರೆಲ್ಲ ನರ ಅಂತಾನೇ ಹೇಳೋದು, ನಂಗೂ ಅದೇ ರೂಢಿ ಆಗಿದೆ. ಕೋರ್ಟ್‌ಗೆ ಇಳಿಯೋ ಮುಂಚೆ ಹತ್ತು ನಿಮಿಷ ಮೈ ಬಿಸಿ ಮಾಡ್ಕೊಳ್ಳಿ. ಓಡೋ ಶೂ ಹಾಕ್ಕೊಂಡು ಕೋರ್ಟ್‌ನಲ್ಲಿ ಆಡಬೇಡಿ, ಅದರ ಹಿಮ್ಮಡಿ ದಪ್ಪ, ಪಕ್ಕಕ್ಕೆ ಹೊರಳಿದ್ರೆ ಪಾದ ಮಡಚಿಕೊಳ್ಳುತ್ತೆ.

ವಿಜಯನಗರದವರಿಗೆ ಇನ್ನೊಂದು ಪ್ರಶ್ನೆ. ನಿಮ್ಮ ಟ್ರೈನರ್ ಹಿಟ್ ಶುರು ಮಾಡಿ ಅಂದ್ರಲ್ಲ, ಬಿಪಿ ಎಷ್ಟು, ಶುಗರ್ ಎಷ್ಟು, ಮನೇಲಿ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲೇ ಹಾರ್ಟ್ ತೊಂದರೆ ಇತ್ತಾ ಅಂತ ಕೇಳಿದ್ರಾ? 2021ರ ಅಕ್ಟೋಬರ್ 29ಕ್ಕೆ ಅಪ್ಪು ಹೋದ ಮೇಲೆ ಜಯದೇವದ ಮುಂದೆ ಚೆಕಪ್‌ಗೆ ಎಷ್ಟುದ್ದ ಸಾಲು ನಿಂತಿತ್ತು ಅಂತ ನಿಮಗೂ ನೆನಪಿರಬೇಕು. ಆ ಭಯ ಮೂರು ತಿಂಗಳಿಗೆ ಇಳೀತು. ನಾನು ಹೆದರಿಸ್ತಿಲ್ಲ, ವ್ಯಾಯಾಮ ಬಿಡಿ ಅಂತಲೂ ಹೇಳ್ತಿಲ್ಲ. 40 ದಾಟಿ, ಕೂತು ಕೆಲಸ ಮಾಡೋರು ಜೋರಿನ ವ್ಯಾಯಾಮಕ್ಕೆ ಇಳಿಯೋ ಮುಂಚೆ ಒಮ್ಮೆ ಡಾಕ್ಟರನ್ನ ನೋಡಿ ಅಂತಷ್ಟೇ. ಮಾಡ್ತಾ ಮಾಡ್ತಾ ಎದೆ ಹಿಡಿದ ಹಾಗಾದ್ರೆ, ದವಡೆಗೋ ಎಡಗೈಗೋ ನೋವು ಇಳಿದ್ರೆ, ತಲೆ ಸುತ್ತಿದ್ರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ‘ಗ್ಯಾಸ್ ಇರಬೇಕು’ ಅಂತ ಸೋಡಾ ಕುಡಿಯೋದಲ್ಲ.

ಮತ್ತೆ, ‘ಹೊಟ್ಟೆ ಮಾತ್ರ ಕರಗಬೇಕು’ ಅನ್ನೋ ಆಸೆ ಬಿಟ್ಟುಬಿಡಿ. ಟೆನಿಸ್ ಆಡೋರ ಎರಡೂ ತೋಳನ್ನ 1971ರಲ್ಲೇ ಅಳೆದು ನೋಡಿದ್ದಾರೆ. ರಾಕೆಟ್ ಹಿಡಿಯೋ ಕೈ ದಪ್ಪ ಇತ್ತು, ಆದ್ರೆ ಚರ್ಮದ ಕೆಳಗಿನ ಕೊಬ್ಬು ಎರಡೂ ಕಡೆ ಒಂದೇ. ವರ್ಷಗಟ್ಟಲೆ ಒಂದೇ ಕೈ ಬೀಸಿದ್ರೂ ಅಲ್ಲಿನ ಕೊಬ್ಬು ಬೇರೆಯಾಗಿ ಕರಗಲಿಲ್ಲ, ಇನ್ನು ನಿಮ್ಮ 50 ಕ್ರಂಚಸ್ ಎಲ್ಲಿಗೆ?

ಸ್ಲಿಮ್_ಲೈಫ್_22 · ಮಧ್ಯಾಹ್ನ 1:15

[ಈ ಸಂದೇಶವನ್ನು ನಿರ್ವಾಹಕರು ತೆಗೆದುಹಾಕಿದ್ದಾರೆ]

ನಿರ್ವಾಹಕ · ಮಧ್ಯಾಹ್ನ 1:21

ಫ್ಯಾಟ್ ಬರ್ನರ್ ಮಾತ್ರೆ, ಗ್ರೀನ್ ಟೀ ಸ್ಯಾಚೆಟ್, ‘ವಾಟ್ಸಾಪ್ ಮಾಡಿ’ ಇವ್ಯಾವೂ ಇಲ್ಲಿ ಬೇಡ. ಈ ವಾರದಲ್ಲಿ ಮೂರನೇದು ಇದು. ಚರ್ಚೆ ಮುಂದುವರಿಸಿ.

ವಿಜಯನಗರ_ವಾಸಿ · ರಾತ್ರಿ 9:50

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ನಿಮ್ಮ ಲೆಕ್ಕ ನೋಡಿ ಇವತ್ತು ಕೆಂಪು ಬಟನ್ ಒತ್ತಿದೆ. ಆರು ನಿಮಿಷಕ್ಕೆ ಸುಸ್ತು. ಪಕ್ಕದ ಮೆಷಿನ್ ಹುಡುಗಿ ಇಳಿಜಾರು ಏರಿಸಿ ನಡೀತಿದ್ಲು, 12-3-30 ಅಂತೆ, ರೀಲ್ಸಲ್ಲಿ ಬಂದಿದ್ದು. ಅದೇನಾದ್ರೂ ನಿಜಾನಾ?

ಇನ್ನೊಂದು ಗೊಂದಲ. ಅದೇ 45 ನಿಮಿಷಕ್ಕೆ ಮೆಷಿನ್ 410 ಕ್ಯಾಲೊರಿ ತೋರಿಸ್ತು, ನನ್ನ ವಾಚ್ 290. ನೀವು 252 ಅಂತೀರಿ. ಮೂವರಲ್ಲಿ ಯಾರು ಸರಿ?

ಲೆಕ್ಕದ_ಮೇಷ್ಟ್ರು · ರಾತ್ರಿ 10:35

ಮೂವರೂ ಅಂದಾಜೇ, ಆದ್ರೆ ನಂದು ಜಿಪುಣನ ಅಂದಾಜು, ಅದನ್ನೇ ಹಿಡೀರಿ. ಇನ್ನೂ ಜಿಪುಣತನ ಮಾಡೋದಾದ್ರೆ, ಆ 45 ನಿಮಿಷ ನೀವು ಸೋಫಾದಲ್ಲಿ ಬಿದ್ಕೊಂಡಿದ್ರೂ 63 ಸುಡ್ತಿತ್ತು. ಅದನ್ನ ಕಳೆದ್ರೆ ನಡೆದಿದ್ದರ ನಿಜವಾದ ಗಳಿಕೆ 190ರ ಹತ್ತಿರ.

ವಾರಕ್ಕೆ ಆರು ದಿನ ಅಂದ್ರೆ 1140. ಒಂದು ಕೆಜಿ ಮೈಕೊಬ್ಬಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತೆ. ಅಂದ್ರೆ ಬೇರೇನೂ ಬದಲಾಗದಿದ್ರೆ ಏಳು ವಾರಕ್ಕೆ ಒಂದು ಕೆಜಿ. ನಿಮ್ಮ ಮೂರು ತಿಂಗಳಿಗೆ ಎರಡು ಕೆಜಿ ಹತ್ತಿರ ಇಳೀಬೇಕಿತ್ತು. ಇಳಿದಿದ್ದು 600 ಗ್ರಾಂ. ಉಳಿದಿದ್ದು ಎಲ್ಲಿ ಹೋಯ್ತು ಅಂತ ನಿಮ್ಮ ಮನೆಯವರು ಮೊದಲನೇ ಪೋಸ್ಟಲ್ಲೇ ಹೇಳಿದ್ದಾರೆ.

12-3-30 ಅಂದ್ರೆ 12% ಏರು, ಗಂಟೆಗೆ 3 ಮೈಲಿ ಅಂದ್ರೆ 4.8 ಕಿಲೋಮೀಟರ್, 30 ನಿಮಿಷ. ರೀಲ್ಸಿಂದ ಬಂದಿದ್ರೂ ಇದು ಒಳ್ಳೇದೇ. ಸಮತಟ್ಟಲ್ಲಿ ಆ ವೇಗಕ್ಕೆ 3.3 ಮೆಟ್, ಅಷ್ಟು ಏರಿಸಿದ್ರೆ 8.3 ಮೆಟ್ ಬರುತ್ತೆ. ನಾನು ನಿನ್ನೆ ಹೇಳಿದ ಜಾಗಿಂಗ್‌ನಷ್ಟೇ, ಆದ್ರೆ ಹಾರೋದಿಲ್ಲ, ಮಂಡಿಗೆ ಧಡಧಡ ಏಟು ಬೀಳಲ್ಲ. ಒಂದೇ ಷರತ್ತು, ಮುಂದಿನ ಕಂಬಿ ಹಿಡ್ಕೊಂಡು ಜೋತು ಬೀಳಬಾರದು. ಹಿಡಿದ್ರೆ ಅರ್ಧ ಭಾರ ಕೈಗೆ ಹೋಯ್ತು, ಮೆಷಿನ್ ಮಾತ್ರ ಪೂರ್ತಿ ಕ್ಯಾಲೊರಿ ಬರ್ಕೊಳ್ಳುತ್ತೆ. ಮೊದಲನೇ ದಿನವೇ 12ಕ್ಕೆ ಹೋಗಬೇಡಿ, 4ರಿಂದ ಶುರು ಮಾಡಿ.

ಏರು ಬೇಕು ಅಂದ್ರೆ ಜಿಮ್ಮೇ ಆಗ್ಬೇಕಂತಿಲ್ಲ. ಮಲ್ಲೇಶ್ವರದ ಕ್ರಾಸುಗಳಲ್ಲಿ ಒಂದು ಸಲ ಮೇಲೆ ಕೆಳಗೆ ಓಡಾಡಿ ನೋಡಿ, ಬಿಟ್ಟಿ.

ಸೈಕಲ್_ಸೀನ · ರಾತ್ರಿ 11:15

ಇಷ್ಟೊತ್ತಾದ್ರೂ ಸೈಕಲ್ ಅಂತ ಒಬ್ಬರೂ ಹೇಳ್ಲಿಲ್ಲವಲ್ಲ ಗುರು! ಮಂಡಿಗೆ ಒಳ್ಳೇದು, ಗಾಳಿ ಸಿಗುತ್ತೆ. ನಾವು ಭಾನುವಾರ ನಾಲ್ಕೂವರೆಗೆ ಹೆಬ್ಬಾಳದಿಂದ ಹೊರಟು ನಂದಿ ಹತ್ತಿ ಬರ್ತೀವಿ. ಕೊನೇ ಏಳೆಂಟು ಕಿಲೋಮೀಟರ್ ಬರೀ ತಿರುವು, ಬರೀ ಏರು. ಮೇಲೆ 1478 ಮೀಟರ್, ಮಂಜಲ್ಲಿ ನಿಂತ್ರೆ ಸ್ವರ್ಗ.

ಎಂಟನೇ_ಮಹಡಿ · ರಾತ್ರಿ 11:22

ಸೀನ, ಇಳಿದು ಬಂದ ಮೇಲೆ ಏನು ತಿಂದ್ರಿ ಅಂತಾನೂ ಬರೀರಿ.

ಸೈಕಲ್_ಸೀನ · ರಾತ್ರಿ 11:24

ತಟ್ಟೆ ಇಡ್ಲಿ ಎರಡು, ವಡೆ ಎರಡು, ಬೆಣ್ಣೆ ಮಸಾಲೆ ಒಂದು, ಕಾಫಿ ಎರಡು. ತೂಕ ಇಳಿದಿಲ್ಲ, ನಿಜ. ಆದ್ರೆ ಬಿಪಿ ಮಾತ್ರೆ ಡಾಕ್ಟ್ರೇ ಅರ್ಧ ಮಾಡಿದ್ರು. ಅದನ್ನ ಯಾವ ಲೆಕ್ಕಕ್ಕೆ ಸೇರಿಸ್ತೀರಾ ಮೇಷ್ಟ್ರೇ?

ಎಂಟನೇ_ಮಹಡಿ · ಬುಧವಾರ ಮಧ್ಯಾಹ್ನ 2:40

ಇಲ್ಲಿ ಬರೆದೋರೆಲ್ಲ ಬೆಳಿಗ್ಗೆ ಒಂದು ಗಂಟೆ ಸ್ವಂತಕ್ಕೆ ಸಿಗೋ ಪುಣ್ಯವಂತರು. ನನಗೆ ಇಬ್ಬರು ಮಕ್ಕಳು, ಎರಡು ಡಬ್ಬಿ, ಏಳೂವರೆಗೆ ಸ್ಕೂಲ್ ವ್ಯಾನು, ಒಂಬತ್ತಕ್ಕೆ ನನ್ನ ಲಾಗಿನ್. ಲಾಲ್‌ಬಾಗಿನ 240 ಎಕರೆ ನಮ್ಮ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿದ್ರೂ ಈ ವರ್ಷ ಹೋಗಿದ್ದು ಒಂದೇ ಸಲ, ಫಲಪುಷ್ಪ ಪ್ರದರ್ಶನಕ್ಕೆ.

ಹಾಗಾಗಿ ನನಗೆ ಹಿಟ್ ವರ. ಜನ ಅದನ್ನ ಮಂತ್ರ ಅನ್ಕೊಂಡಿದ್ದಾರೆ, ಅಲ್ಲ. ‘ವ್ಯಾಯಾಮ ಮುಗಿದ ಮೇಲೂ 24 ಗಂಟೆ ಕೊಬ್ಬು ಉರೀತಾನೇ ಇರುತ್ತೆ’ ಅಂತಾರಲ್ಲ, ಉರಿಯೋದು ನಿಜ, ಆದ್ರೆ ಆ ಹೆಚ್ಚುವರಿ ಉರಿ ವ್ಯಾಯಾಮದಲ್ಲಿ ಸುಟ್ಟಿದ್ದರ 6ರಿಂದ 15% ಅಷ್ಟೆ. 200 ಸುಟ್ರೆ ಮೇಲೆ ಸಿಗೋದು ಹೆಚ್ಚೆಂದ್ರೆ 30. ಹೆಚ್ಚುಕಮ್ಮಿ ಒಂದು ಮಾರಿ ಬಿಸ್ಕತ್ತಿನಷ್ಟು ಅಷ್ಟೆ. 2017ರಲ್ಲಿ ದಪ್ಪ ಇರೋರ ಮೇಲೆ ನಡೆದ 13 ಪ್ರಯೋಗಗಳನ್ನ ಸೇರಿಸಿ ನೋಡಿದಾಗ, ಹಿಟ್ ಮಾಡಿದೋರಿಗೂ ಸಮವೇಗದಲ್ಲಿ ಮಾಡಿದೋರಿಗೂ ಕೊಬ್ಬು, ಸೊಂಟ ಇಳಿದದ್ದು ಒಂದೇ ತರ. ಹಿಟ್‌ಗೆ ಹಿಡಿದ ಸಮಯ ಮಾತ್ರ ಸುಮಾರು 40% ಕಮ್ಮಿ. ನನಗೆ ಬೇಕಾಗಿದ್ದೂ ಆ 40% ಮಾತ್ರ.

ನಾನು ಮಾಡೋದು ಇಷ್ಟೇ. ನಮ್ಮ ಅಪಾರ್ಟ್‌ಮೆಂಟ್ ಮೆಟ್ಟಿಲು ಬೇಸ್‌ಮೆಂಟಿಂದ ಎಂಟನೇ ಮಹಡಿವರೆಗೆ ಹತ್ತೋದು, ಲಿಫ್ಟಲ್ಲಿ ಇಳಿಯೋದು. ಲಿಫ್ಟೇ ನನ್ನ ರೆಸ್ಟು. ಐದು ಸಲ, ವಾರಕ್ಕೆ ಮೂರು ದಿನ, ಮಕ್ಕಳ ವ್ಯಾನು ಹೋದ ತಕ್ಷಣ. ಮೊದಲ ವಾರ ಮೂರನೇ ಮಹಡೀಲಿ ಕೂತುಬಿಟ್ಟಿದ್ದೆ, ಸೆಕ್ಯೂರಿಟಿ ಅಣ್ಣ ಓಡಿ ಬಂದು ‘ಅಮ್ಮಾ, ಲಿಫ್ಟ್ ಸರಿ ಇದೆ’ ಅಂದ. ಪಾಪ, ಕೆಟ್ಟಿದೆ ಅಂತ ಮೆಟ್ಟಿಲು ಹತ್ತಿದೀನಿ ಅನ್ಕೊಂಡಿದ್ದ.

ಲೆಕ್ಕದ_ಮೇಷ್ಟ್ರು · ಸಂಜೆ 5:05

ಮೇಡಂ, ಅದ್ಭುತ. ಇಳಿಯೋಕೆ ಲಿಫ್ಟ್ ಹಿಡಿದಿದ್ದು ಮಂಡಿಗೂ ಒಳ್ಳೇದೇ.

ಹಿಟ್ ಅಂದಾಗ ಎಲ್ಲರೂ ತಬಾಟಾ ಹೆಸರು ತರ್ತಾರೆ, ಅದಕ್ಕೂ ಒಂದು ಮಾತು ಸೇರಿಸ್ತೀನಿ. ಜಪಾನಿನ ಇಜುಮಿ ತಬಾಟಾ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗಟ್ಟಿಮುಟ್ಟಾದ ಯುವಕರು ಸೈಕಲ್ ಮೆಷಿನ್ ಮೇಲೆ 20 ಸೆಕೆಂಡ್ ಜೀವ ಬಿಟ್ಟು ತುಳಿದು, 10 ಸೆಕೆಂಡ್ ನಿಲ್ಲಿಸಿ, ಹೀಗೆ ಏಳೆಂಟು ಸಲ ಮಾಡ್ತಿದ್ರು. ಆರು ವಾರಕ್ಕೆ ಅವರ ದಮ್ಮು ಏರಿತು. ಅಳೆದಿದ್ದು ದಮ್ಮನ್ನ, ಕೊಬ್ಬನ್ನ ಅಲ್ಲವೇ ಅಲ್ಲ. ಈಗ ಜಿಮ್ಮುಗಳಲ್ಲಿ ಹಾಡು ಹಾಕ್ಕೊಂಡು ನಾಲ್ಕು ನಿಮಿಷ ಕೈಕಾಲು ಆಡಿಸೋದಕ್ಕೂ ಅದೇ ಹೆಸರು.

ಸೀನ, ನಿಮ್ಮ ಬಿಪಿ ನನ್ನ ಲೆಕ್ಕಕ್ಕೆ ಸಿಗಲ್ಲ, ಸೋತೆ. ಲೆಕ್ಕಕ್ಕೆ ಸಿಗದೇ ಇರೋದು ಇನ್ನೂ ಒಂದಿದೆ. 2012ರಲ್ಲಿ ಆಫ್ರಿಕಾದ ಟಾಂಜಾನಿಯಾದ ಹಾಡ್ಜಾ ಜನರ ಶಕ್ತಿವ್ಯಯ ಅಳೆದ್ರು. ದಿನವಿಡೀ ಬೇಟೆ, ಗೆಡ್ಡೆ ಅಗೆಯೋದು ಅಂತ ಅಲೆಯೋ ಮಂದಿ. ಮೈಗಾತ್ರ ಹೊಂದಿಸಿ ನೋಡಿದ್ರೆ ದಿನಕ್ಕೆ ಸುಡೋದು ಕುರ್ಚೀಲಿ ಕೂರೋ ಅಮೆರಿಕದವರಷ್ಟೇ. ದೇಹ ಒಂದು ಕಡೆ ಖರ್ಚು ಮಾಡಿದ್ರೆ ಇನ್ನೊಂದು ಕಡೆ ಉಳಿಸಿಕೊಳ್ಳುತ್ತೆ ಅನ್ನೋ ವಾದ ಅಲ್ಲಿಂದ ಬಲ ಪಡೀತು. ನನ್ನ ಏಳು ವಾರಕ್ಕೊಂದು ಕೆಜಿ ಲೆಕ್ಕಾನೂ ಅದಕ್ಕೇ ಕಾಗದದ ಮೇಲಷ್ಟೇ ಅಷ್ಟು ಚೆಂದ.

ಸ್ಯಾಂಕಿ_ರೌಂಡ್ಸ್ · ಗುರುವಾರ ಬೆಳಿಗ್ಗೆ 8:15

ನಾನು ನಿವೃತ್ತ, 66 ವಯಸ್ಸು. ಹನ್ನೊಂದು ವರ್ಷದಿಂದ ಸ್ಯಾಂಕಿ ಕೆರೆ ಸುತ್ತುತ್ತಿದ್ದೇನೆ. 1882ರಲ್ಲಿ ಕಟ್ಟಿದ ಕೆರೆ, ಒಂದು ಸುತ್ತಿಗೆ ಒಂದೂವರೆ ಕಿಲೋಮೀಟರ್ ಮೇಲಿದೆ. ದಿನಕ್ಕೆ ಮೂರು ಸುತ್ತು. ತಾವೆಲ್ಲ ಇಷ್ಟು ಲೆಕ್ಕ ಬರೆದಿದ್ದೀರಿ, ನನ್ನ ಅಳತೆ ಒಂದೇ: ಜೊತೆಯಲ್ಲಿರುವವರ ಬಳಿ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಡಲು ಆಗುತ್ತಿದ್ದರೆ ನಡಿಗೆ ಜೋರು ಮಾಡುತ್ತೇನೆ. ನಮ್ಮ ಗುಂಪಿನಲ್ಲಿ ಒಬ್ಬರು ಪುರಂದರದಾಸರ ಪದ ಪೂರ್ತಿ ಹಾಡುತ್ತಲೇ ಮೂರು ಸುತ್ತು ಮುಗಿಸುತ್ತಾರೆ. ಅವರ ಹೊಟ್ಟೆ ಹನ್ನೊಂದು ವರ್ಷದಿಂದ ಹಾಗೇ ಇದೆ.

ಹತ್ತು ಸಾವಿರ ಹೆಜ್ಜೆ ಎಂದು ಮೊಮ್ಮಗ ವಾಚ್ ಕಟ್ಟಿದ್ದಾನೆ. ಆ ಸಂಖ್ಯೆ 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು ಎಂದು ಅವನಿಗೆ ಹೇಳಿದೆ. ‘ತಾತ, ಇವತ್ತು 7,400 ಮಾತ್ರ ಆಗಿದೆ’ ಎಂದ.

ಫಿಸಿಯೋ_ಅಕ್ಕ · ಬೆಳಿಗ್ಗೆ 10:30

ತಾತ ಹೇಳಿದ ಮಾತಿನ ಪರೀಕ್ಷೆ ನಾವೂ ಕ್ಲಿನಿಕ್ಕಲ್ಲಿ ಬಳಸ್ತೀವಿ, ವಾಚ್‌ಗಿಂತ ಅದೇ ವಾಸಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಈ ಮಟ್ಟದ್ದು, ಇಲ್ಲಾಂದ್ರೆ ಜೋರಿನದಾದ್ರೆ 75ರಿಂದ 150. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಈ ಕೊನೇ ಸಾಲನ್ನ ಎಲ್ಲರೂ ನುಂಗಿಬಿಡ್ತಾರೆ. ಊಟ ಕಮ್ಮಿ ಮಾಡಿ ಬರೀ ಕಾರ್ಡಿಯೋ ಮಾಡಿದ್ರೆ ಕೊಬ್ಬಿನ ಜೊತೆ ಸ್ನಾಯೂನೂ ಇಳಿಯುತ್ತೆ. ‘ಕೈಕಾಲು ಸಣ್ಣ, ಹೊಟ್ಟೆ ಮುಂದೆ’ ಅಂದ್ರಲ್ಲ ವಿಜಯನಗರದವರು, ನಮ್ಮವರ ಮೈಕಟ್ಟೇ ಹಾಗೆ. ಅದಕ್ಕೇ ನಮಗೆ ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅದರ ಗಡಿಯನ್ನೂ 25ರ ಬದಲು 23ಕ್ಕೆ ಇಳಿಸಿದ್ದಾರೆ. ನಿಮಗೆ ಸ್ಕ್ವಾಟ್, ಗೋಡೆಗೆ ಪುಷ್ಅಪ್ ಕಾರ್ಡಿಯೋಗಿಂತ ಜಾಸ್ತಿ ಬೇಕು.

ತೂಕದ ಮೆಷಿನ್ ಬಿಟ್ಟು ಟೇಪ್ ಹಿಡೀರಿ. ಕೊನೇ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ತುದಿ, ಇವೆರಡರ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಎಳ್ಕೊಳ್ಳದೆ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಗಡಿ. ಪ್ಯಾಂಟ್ ಸೈಜ್ ಹೇಳಬೇಡಿ, ಗಂಡಸರೆಲ್ಲ ಪ್ಯಾಂಟನ್ನ ಹೊಟ್ಟೆ ಕೆಳಗೆ ಕಟ್ತಾರೆ.

ವಿಜಯನಗರ_ವಾಸಿ · ಗುರುವಾರ ರಾತ್ರಿ 10:10

101. ಪ್ಯಾಂಟ್ 36. ಅಕ್ಕ, ನೀವು ನಮ್ಮನೆ ಒಳಗೆ ಬಂದು ನೋಡಿದ ಹಾಗೆ ಬರೆದಿದ್ದೀರಿ.

ವಿಜಯನಗರ_ವಾಸಿ · ಒಂಬತ್ತು ವಾರದ ನಂತರ, ಭಾನುವಾರ ಸಂಜೆ 6:20

ಹಳೇ ಟಾಪಿಕ್ ಎತ್ತಿದ್ದಕ್ಕೆ ಕ್ಷಮಿಸಿ. ಕೇಳಿದ ಮೇಲೆ ಏನಾಯ್ತು ಅಂತ ಹೇಳದೆ ಹೋಗೋರನ್ನ ಕಂಡ್ರೆ ನನಗೇ ಕೋಪ ಬರುತ್ತೆ, ಅದಕ್ಕೆ.

ಮೊದಲು ಡಾಕ್ಟರ್ ಹತ್ರ ಹೋದೆ. ಇಸಿಜಿ ಸರಿ ಇತ್ತು, ಬಿಪಿ ಗಡೀಲಿತ್ತು, ಶುಗರ್ ಶುರುವಾಗೋ ಮುಂಚಿನ ಹಂತ. ‘ಸದ್ಯಕ್ಕೆ ಹಿಟ್ ಬೇಡ, ಏರು ನಡಿಗೆ ಸಾಕು’ ಅಂದ್ರು. ಜಿಮ್ಮಲ್ಲಿ ವಾರಕ್ಕೆ ಮೂರು ದಿನ ಏರಿಸಿ ನಡಿಗೆ. 4%ರಿಂದ ಶುರು ಮಾಡಿ ಈಗ 9ಕ್ಕೆ ಬಂದಿದೀನಿ. ಎರಡು ದಿನ ತೂಕ ಎತ್ತೋದು, ಟ್ರೈನರ್‌ಗೆ ಡಬ್ಬ ಬೇಡಪ್ಪ ಸ್ಕ್ವಾಟ್ ಕಲಿಸು ಅಂದೆ, ಖುಷಿಯಾಗೇ ಕಲಿಸ್ದ. ಸಂಜೆ ವಾಪಸ್ ಬರುವಾಗ ವಿಜಯನಗರಕ್ಕೆ ಬದಲು ಹೊಸಹಳ್ಳೀಲೇ ಮೆಟ್ರೋ ಇಳಿದು ಮನೆಗೆ ನಡೀತೀನಿ. ಇದೊಂದು ಮಾತ್ರ ಒಂಬತ್ತು ವಾರದಲ್ಲಿ ಹೆಚ್ಚು ದಿನ ತಪ್ಪಲಿಲ್ಲ, ಮಳೆ ಬಂದ ದಿನ ಬಿಟ್ಟು. ಯಾಕಂದ್ರೆ ಶೂ ಹಾಕಿ, ಬ್ಯಾಗ್ ಹಿಡ್ಕೊಂಡು, ಎಲ್ಲ ರೆಡಿಯಾಗಿ ಆಗ್ಲೇ ರಸ್ತೇಲಿರ್ತೀನಿ. ಜಿಮ್‌ಗೆ ಹೋಗೋ ದಿನ ಸೋಫಾದಿಂದ ಏಳಬೇಕು, ಕಷ್ಟ ಅಲ್ಲೇ ಇರೋದು.

ಕೋಡುಬಳೆ ಪೂರ್ತಿ ಬಿಟ್ಟಿಲ್ಲ, ಡಬ್ಬ ಅಡುಗೆಮನೆ ಮೇಲಿನ ಅಟ್ಟಕ್ಕೆ ಹೋಗಿದೆ. ಕುರ್ಚಿ ಹಾಕ್ಕೊಂಡು ಹತ್ತಿ ಇಳಿಸೋ ಅಷ್ಟು ಆಸೆ ಆದ್ರೆ ತಿಂತೀನಿ. ಕಾಫಿಗೆ ಸಕ್ಕರೆ ಎರಡು ಚಮಚದಿಂದ ಅರ್ಧಕ್ಕೆ ಬಂತು, ಮೊದಲ ವಾರ ಕಷಾಯ ಕುಡಿದ ಹಾಗಿತ್ತು.

ತೂಕ 81.6. ಸೊಂಟ 96. ಬೆಲ್ಟಿಗೆ ಒಳಗಡೆ ಹೊಸ ತೂತು ಹಾಕಿಸ್ಕೊಂಡೆ, ಚಪ್ಪಲಿ ಹೊಲಿಯೋ ತಾತ ಹತ್ತು ರೂಪಾಯಿ ತಗೊಂಡು ‘ಎಲ್ಲರೂ ಆ ಕಡೆಗೆ ಹಾಕಿಸ್ತಾರೆ, ನೀವು ಈ ಕಡೆಗಾ’ ಅಂದ್ರು.

ಫಿಸಿಯೋ_ಅಕ್ಕ · ಸಂಜೆ 7:00

90ಕ್ಕೆ ಇನ್ನೂ ಆರು ಸೆಂಟಿಮೀಟರ್ ಇದೆ. ಶುಗರ್ ಮೂರು ತಿಂಗಳಿಗೆ ಮತ್ತೆ ನೋಡಿಸಿ, ಮರೀಬೇಡಿ.

ಶೆಟಲ್_ಶೆಟ್ರು · ಸಂಜೆ 7:12

ಒಳ್ಳೇದಾಯ್ತು ಮಾರಾಯ್ರೆ. ನಮ್ಮಲ್ಲಿ ಒಬ್ಬರು ಊರಿಗೆ ಹೋಗಿದ್ದಾರೆ, ಶನಿವಾರ ಒಂದು ಜಾಗ ಖಾಲಿ ಉಂಟು. ಕೋರ್ಟ್ ಶೂ ತಕೊಂಡೇ ಬನ್ನಿ, ಇಲ್ಲದಿದ್ರೆ ಅಕ್ಕ ನನಗೆ ಬೈತಾರೆ.

ಹುಬ್ಬಳ್ಳಿ_ಮಂದಿ · ರಾತ್ರಿ 9:40

ಯಾರಿಗರ ಸ್ಕಿಪ್ಪಿಂಗ್ ಹಗ್ಗ ಬೇಕೇನ್ರಿ? ನಾಕ ದಿನ ಅಷ್ಟ ಬಳಸೇನಿ. ಮತ್ತಿಕೆರೆಗೆ ಬಂದು ಒಯ್ಯಬೇಕು. ಕೆಳಗಿನ ಮನಿ ಬೆಲ್ ಒತ್ತಬ್ಯಾಡ್ರಿ.